ಬಾಗಿಲಿಗೆ ಬಂದವರು ಕೋರ್ಟಿನವರೇ?

ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಿಂದ ಹಿಡಿದು ಪೀಣ್ಯದ ಸಣ್ಣ ಕೈಗಾರಿಕೆಗಳವರೆಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಕೋರ್ಟಿನ ಕಾಗದ ತಂದಿದ್ದೇನೆ, ಸಹಿ ಹಾಕಿ ಎಂದು ಬಾಗಿಲಿಗೆ ಬರುವ ವ್ಯಕ್ತಿಗೆ ಆ ಅಧಿಕಾರ ನಿಜವಾಗಿಯೂ ಇದೆಯೇ ಎಂದು ತಿಳಿಯುವುದು ಹೇಗೆ? ನಕಲಿ ಸಿಬಿಐ ಅಧಿಕಾರಿಗಳು, ನಕಲಿ ನ್ಯಾಯಾಧೀಶರು, ನಕಲಿ ಮೊಹರಿನ ಆದೇಶಗಳು ಮೊಬೈಲ್ ಪರದೆಯ ಮೇಲೆ ಕಾಣಿಸಿಕೊಂಡು ಜನರ ಉಳಿತಾಯವನ್ನು ದೋಚುತ್ತಿರುವಾಗ, ಇಂಥ ವಂಚನೆಗಳ ಬಗ್ಗೆ ಸುಪ್ರೀಂ ಕೋರ್ಟೇ 2025ರ ಅಕ್ಟೋಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿರುವಾಗ, ಈ ಅನುಮಾನವನ್ನು ಅತಿರೇಕವೆನ್ನುವಂತಿಲ್ಲ. ಆದರೆ ಅನುಮಾನಪಡುವವರಲ್ಲಿ ಹೆಚ್ಚಿನವರು ಬಂದವರ ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯನ್ನು ಪರೀಕ್ಷಿಸುತ್ತಾರೆಯೇ ಹೊರತು ಅವರ ಕೈಯಲ್ಲಿರುವ ಕಾಗದವನ್ನು ಓದುವುದಿಲ್ಲ. ಕಾನೂನು ಅಧಿಕಾರವನ್ನು ಇಟ್ಟಿರುವುದು ಮುಖ್ಯವಾಗಿ ಆ ಕಾಗದದಲ್ಲಿ. ತಂದವರು ಏನು ಮಾಡಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದೂ ಅದೇ.

ಆಸ್ತಿ, ಸಾಲ, ಬಾಡಿಗೆ, ಒಪ್ಪಂದ ಮುಂತಾದ ಸಿವಿಲ್ ವ್ಯಾಜ್ಯಗಳಲ್ಲಿ ಪ್ರತಿವಾದಿಗೆ, ಎಂದರೆ ಯಾರ ಮೇಲೆ ದಾವೆ ಹೂಡಲಾಗಿದೆಯೋ ಅವರಿಗೆ, ನ್ಯಾಯಾಲಯ ಕಳುಹಿಸುವ ಕರೆಯೇ ಸಮನ್ಸ್. ಅದನ್ನು ತಲುಪಿಸುವ ಕ್ರಮವನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ ವಿವರಿಸುತ್ತದೆ. ಕರ್ನಾಟಕದ ನ್ಯಾಯಾಲಯಗಳಲ್ಲಿ ಈ ಕೆಲಸಕ್ಕೆಂದೇ ಆದೇಶ ಜಾರಿಕಾರರೆಂಬ ನೌಕರರಿದ್ದಾರೆ. ವಕೀಲರ ಬಾಯಲ್ಲಿ ಅವರು ಪ್ರೊಸೆಸ್ ಸರ್ವರ್. ಜಪ್ತಿ, ಸ್ವಾಧೀನದಂಥ ಬಿಗಿ ಕೆಲಸಗಳಿಗೆ ಬರುವವರು ಬೇಲೀಫರು, ಹಳೆಯ ರೂಢಿಯಲ್ಲಿ ಅಮೀನರು. ಕ್ರಿಮಿನಲ್ ಪ್ರಕರಣಗಳ ಸಮನ್ಸನ್ನು ಸಾಮಾನ್ಯವಾಗಿ ಆಯಾ ಠಾಣೆಯ ಪೊಲೀಸರೇ ತರುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 64ನೇ ಕಲಮು ಪೊಲೀಸರ ಜೊತೆಗೆ, ರಾಜ್ಯದ ನಿಯಮಗಳಿಗೆ ಒಳಪಟ್ಟು, ನ್ಯಾಯಾಲಯದ ಅಧಿಕಾರಿ ಅಥವಾ ಇತರ ಸಾರ್ವಜನಿಕ ನೌಕರರಿಗೂ ಈ ಕೆಲಸವನ್ನು ಒಪ್ಪಿಸಲು ಅವಕಾಶ ಕೊಟ್ಟಿದೆ. ಇಷ್ಟೇ ಆಗಿದ್ದರೆ ಗುರುತಿನ ಚೀಟಿ ನೋಡಿದರೆ ಸಾಕಿತ್ತು. ಆದರೆ 2002ರ ಜುಲೈನಲ್ಲಿ ಜಾರಿಗೆ ಬಂದ ತಿದ್ದುಪಡಿಗಳಿಂದ ಅಂಚೆ, ನ್ಯಾಯಾಲಯ ಒಪ್ಪಿದ ಕೊರಿಯರ್, ಫ್ಯಾಕ್ಸ್, ಇ-ಮೇಲ್‌ಗಳೂ ಸಿವಿಲ್ ಸಮನ್ಸಿನ ಮಾರ್ಗಗಳಾಗಿವೆ. ಜೊತೆಗೆ 9ಎ ನಿಯಮದ ಪ್ರಕಾರ ವಾದಿ ಕೋರಿಕೊಂಡರೆ ಸಮನ್ಸನ್ನು ಅವರ ಕೈಗೇ ಕೊಟ್ಟು ತಲುಪಿಸಲು ನ್ಯಾಯಾಲಯ ಅನುಮತಿ ನೀಡಬಹುದು. ಬೆಂಗಳೂರಿನ ವಕೀಲರು ಹ್ಯಾಂಡ್ ಸಮನ್ಸ್ ಎಂದು ಕರೆಯುವುದು ಇದನ್ನೇ. ಹೀಗಾಗಿ ಯಾವ ಗುರುತಿನ ಚೀಟಿಯೂ ಇಲ್ಲದೆ ಎದುರು ಪಕ್ಷದ ಕಡೆಯಿಂದ ಬಂದ ವ್ಯಕ್ತಿಯೊಬ್ಬ ಪೂರ್ತಿ ಕ್ರಮಬದ್ಧವಾದ ಸಮನ್ಸನ್ನು ಹಿಡಿದು ನಿಂತಿರಬಹುದು, ದಪ್ಪಕ್ಷರದ ಚೀಟಿ ತೂಗುಹಾಕಿಕೊಂಡವನ ಕೈಯಲ್ಲಿ ಬರೀ ಬೆದರಿಕೆಯ ಪತ್ರವಿರಬಹುದು.

ಹಾಗಾದರೆ ಕಾಗದದಲ್ಲಿ ಏನನ್ನು ನೋಡಬೇಕು? ಸಮನ್ಸಿನ ತಲೆಯ ಮೇಲೆ ನ್ಯಾಯಾಲಯದ ಪೂರ್ಣ ಹೆಸರು, ಸ್ಥಳ, ಪ್ರಕರಣದ ಸಂಖ್ಯೆ ಮತ್ತು ವರ್ಷ ಇರುತ್ತವೆ. ಅಸಲು ದಾವೆಯಾದರೆ ಓ.ಎಸ್., ಚೆಕ್ ಅಮಾನ್ಯದಂಥ ಕ್ರಿಮಿನಲ್ ಪ್ರಕರಣವಾದರೆ ಸಾಮಾನ್ಯವಾಗಿ ಸಿ.ಸಿ. ಎಂಬ ಅಕ್ಷರಗಳು ಸಂಖ್ಯೆಯ ಹಿಂದೆ ಬರುತ್ತವೆ. ಕೆಳಗೆ ಎರಡೂ ಪಕ್ಷಗಾರರ ಹೆಸರು, ವಿಳಾಸ, ಹಾಜರಾಗಬೇಕಾದ ದಿನ ಮತ್ತು ಗಂಟೆ, ಕೊನೆಯಲ್ಲಿ ನ್ಯಾಯಾಧೀಶರ ಅಥವಾ ಅವರು ನೇಮಿಸಿದ ಅಧಿಕಾರಿಯ (ಹೆಚ್ಚಾಗಿ ಶಿರಸ್ತೇದಾರರ) ಸಹಿ ಮತ್ತು ನ್ಯಾಯಾಲಯದ ಮೊಹರು. ಈ ಸಹಿ ಮತ್ತು ಮೊಹರು ಅಲಂಕಾರಕ್ಕೆ ಇರುವುದಲ್ಲ. ಸಹಿಯಾದ, ಮೊಹರು ಬಿದ್ದ ಪ್ರತಿಯನ್ನು ಕೊಡುವುದೇ ಜಾರಿ ಎಂದು 5ನೇ ಆದೇಶದ 10ನೇ ನಿಯಮ ಹೇಳುತ್ತದೆ. ಪ್ರತಿ ಸಮನ್ಸಿನ ಜೊತೆ ವಾದಪತ್ರದ, ಎಂದರೆ ದಾವೆಯ ಮೂಲ ಅರ್ಜಿಯ, ನಕಲು ಇರಲೇಬೇಕು ಎಂಬುದು 2ನೇ ನಿಯಮ. ಪಡೆದವರ ಸಹಿ ಬೀಳುವುದು ನ್ಯಾಯಾಲಯಕ್ಕೆ ಮರಳುವ ಅಸಲು ಪ್ರತಿಯ ಮೇಲೆ. ಯಾವಾಗ, ಹೇಗೆ ತಲುಪಿಸಲಾಯಿತು ಎಂಬುದನ್ನು ಜಾರಿಕಾರರು ಅದರಲ್ಲೇ ಬರೆಯುತ್ತಾರೆ. ಈ ಬರಹಕ್ಕೆ ಕಚೇರಿಗಳಲ್ಲಿ ಷರಾ ಎಂಬ ಹೆಸರಿದೆ. ಸಹಿಯ ಜೊತೆಗೆ ತಾರೀಖು, ಸಮಯ ಬರೆಯುವುದು ಮತ್ತು ಲಗತ್ತು ಬಂದಿಲ್ಲದಿದ್ದರೆ ‘ವಾದಪತ್ರದ ನಕಲು ಇಲ್ಲ’ ಎಂದು ಸಹಿಯ ಪಕ್ಕದಲ್ಲೇ ನಮೂದಿಸುವುದು ಮುಂದಿನ ಹಲವು ತಕರಾರುಗಳನ್ನು ತಪ್ಪಿಸುತ್ತದೆ. ಸಹಿ ಹಾಕಿದರೆ ಸಾಲ ಒಪ್ಪಿಕೊಂಡಂತೆ, ತಪ್ಪು ಒಪ್ಪಿಕೊಂಡಂತೆ ಎಂಬ ಭಯ ಎಷ್ಟು ವ್ಯಾಪಕವೋ ಅಷ್ಟೇ ನಿರಾಧಾರ. ಆ ಸಹಿ ಹೇಳುವುದು ಕಾಗದ ತಲುಪಿತು ಎಂಬುದನ್ನು ಮಾತ್ರ.

ಕಾಗದವನ್ನೇ ಖೋಟಾ ಮಾಡಬಹುದಲ್ಲ ಎಂಬ ಆಕ್ಷೇಪಕ್ಕೆ ಹದಿನೈದು ವರ್ಷಗಳ ಹಿಂದೆ ಸುಲಭದ ಉತ್ತರವಿರಲಿಲ್ಲ. ಈಗ ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ದಾಖಲಾಗುವ ಪ್ರಕರಣಕ್ಕೆ ಸಿಎನ್‌ಆರ್ ಎಂಬ ಹದಿನಾರು ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪ್‌ನಲ್ಲಿ ಅದನ್ನು ನಮೂದಿಸಿದರೆ ಪಕ್ಷಗಾರರ ಹೆಸರು, ಯಾವ ನ್ಯಾಯಾಧೀಶರ ಮುಂದಿದೆ, ಮುಂದಿನ ವಾಯಿದೆ ಯಾವಾಗ ಎಂಬ ವಿವರ ತೆರೆದುಕೊಳ್ಳುತ್ತದೆ. ಸಿಎನ್‌ಆರ್ ಇಲ್ಲದಿದ್ದರೂ ಪ್ರಕರಣದ ಸಂಖ್ಯೆಯಿಂದ ಅಥವಾ ಪಕ್ಷಗಾರರ ಹೆಸರಿನಿಂದ ಹುಡುಕಬಹುದು. ಬೆಂಗಳೂರಿನ ಹೊರವಲಯದವರಿಗೆ ಇಲ್ಲಿ ಒಂದು ಗೊಂದಲ ಕಾದಿರುತ್ತದೆ. ಕೆಎಬಿಸಿ ಎಂದು ಆರಂಭವಾಗುವ ಗುರುತು ಬೆಂಗಳೂರು ನಗರದ ನ್ಯಾಯಾಲಯಗಳದ್ದು, ಕೆಎಬಿಆರ್ ಎಂದು ಆರಂಭವಾಗುವುದು ಬೆಂಗಳೂರು ಗ್ರಾಮಾಂತರದ್ದು. ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದರೆ ಸಿಗುವ ಹೆಬ್ಬಗೋಡಿ, ಬೊಮ್ಮಸಂದ್ರ, ಜಿಗಣಿಗಳು ಆನೇಕಲ್ ತಾಲ್ಲೂಕಿನವು. ಕಂದಾಯ ಲೆಕ್ಕದಲ್ಲಿ ಆನೇಕಲ್ ಬೆಂಗಳೂರು ನಗರ ಜಿಲ್ಲೆಯಲ್ಲಿದ್ದರೂ ಅಲ್ಲಿನ ನ್ಯಾಯಾಲಯ ನ್ಯಾಯಾಂಗದ ಲೆಕ್ಕದಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರುತ್ತದೆ. ನಗರ ಜಿಲ್ಲೆಯಲ್ಲಿರುವ ಮನೆಗೆ ಗ್ರಾಮಾಂತರದ ಕಾಗದವೇಕೆ ಎಂದು ಅದನ್ನು ನಕಲಿಯೆಂದು ಬಗೆದು ಬದಿಗಿಟ್ಟವರು ತಮ್ಮ ವಾಯಿದೆಯನ್ನೇ ಕಳೆದುಕೊಳ್ಳುತ್ತಾರೆ.

ವಲಸಿಗರೇ ತುಂಬಿರುವ ಈ ಪ್ರದೇಶಗಳಿಗೆ ಇನ್ನೊಂದು ಬಗೆಯ ಕಾಗದವೂ ಬರುತ್ತದೆ. ಕಟಕ್‌ನಲ್ಲೋ ಪಟ್ನಾದಲ್ಲೋ ಹೂಡಿದ ದಾವೆಯ ಸಮನ್ಸನ್ನು ಅಲ್ಲಿನ ನ್ಯಾಯಾಲಯ ಬೆಂಗಳೂರಿನ ನ್ಯಾಯಾಲಯಕ್ಕೆ ಕಳುಹಿಸಿ, ಇಲ್ಲಿನ ಜಾರಿಕಾರರ ಮೂಲಕ ತಲುಪಿಸಬಹುದು. ಹಾಗೆ ಬಂದದ್ದನ್ನು ಇಲ್ಲಿನ ನ್ಯಾಯಾಲಯ ತಾನೇ ಹೊರಡಿಸಿದ್ದೆಂಬಂತೆ ಜಾರಿ ಮಾಡಬೇಕೆಂದು 23ನೇ ನಿಯಮ ಹೇಳುತ್ತದೆ. ಕನ್ನಡ ಮಾತನಾಡುವ ಜಾರಿಕಾರರ ಕೈಯಲ್ಲಿ ಪರರಾಜ್ಯದ ಮೊಹರಿನ ಕಾಗದವಿದ್ದರೆ ಅದರಿಂದಲೇ ಶಂಕೆಪಡಬೇಕಾಗಿಲ್ಲ. ಇ-ಕೋರ್ಟ್ಸ್‌ನಲ್ಲಿ ಆ ರಾಜ್ಯವನ್ನು ಆರಿಸಿಕೊಂಡು ನೋಡಿದರೆ ಆಯಿತು.

ಕಾಗದ ನಿಜವೆಂದು ಖಚಿತವಾದ ಮೇಲೆ ಉಳಿಯುವ ಪ್ರಶ್ನೆ ಅದನ್ನು ತಂದವರ ಅಧಿಕಾರದ ಎಲ್ಲೆಯದ್ದು, ಮತ್ತು ಹೆಚ್ಚಿನ ಮೋಸಗಳು ಬಯಲಾಗುವುದೂ ಇಲ್ಲೇ. ಸಮನ್ಸ್ ತಂದವರು ಅದನ್ನು ಕೊಡಬಹುದು, ಸಹಿ ಕೇಳಬಹುದು, ನಿರಾಕರಿಸಿದರೆ ಬಾಗಿಲಿಗೆ ಅಂಟಿಸಿ ವರದಿ ಮಾಡಬಹುದು; ಅವರ ಕೆಲಸ ಅಲ್ಲಿಗೆ ಮುಗಿಯಿತು. ಮನೆಯೊಳಗೆ ಬರುವ, ವಸ್ತು ಎತ್ತಿಕೊಳ್ಳುವ, ಹಣ ವಸೂಲು ಮಾಡುವ, ‘ಇಲ್ಲೇ ರಾಜಿ ಮಾಡಿಸುತ್ತೇನೆ’ ಎನ್ನುವ ಯಾವ ಅಧಿಕಾರವೂ ಸಮನ್ಸಿನಲ್ಲಿ ಇಲ್ಲ. ಜಾರಿಯ ಶುಲ್ಕವನ್ನು ದಾವೆ ಹೂಡಿದವರು ಮೊದಲೇ ಕಟ್ಟಿರುತ್ತಾರೆ. ಆದ್ದರಿಂದ ಕಾಗದ ಪಡೆಯುವವರು ಬಸ್ ಚಾರ್ಜಿಗೆಂದೂ ಕಾಫಿಗೆಂದೂ ಕೊಡಬೇಕಾದದ್ದು ಏನೂ ಇಲ್ಲ, ಯುಪಿಐ ಸಂಖ್ಯೆ ಹೇಳುವವರಿಗಂತೂ ಖಂಡಿತ ಇಲ್ಲ. ಜಪ್ತಿಗೆ ಬರುವವರ ಕೈಯಲ್ಲಿ ಇರಬೇಕಾದದ್ದು ಸಮನ್ಸಲ್ಲ, ಅಮಲ್ಜಾರಿ ಪ್ರಕರಣದಲ್ಲಿ, ಎಂದರೆ ತೀರ್ಪನ್ನು ಕಾರ್ಯಗತಗೊಳಿಸುವ ಹಂತದಲ್ಲಿ, ಹೊರಟ ವಾರಂಟ್. ಅದರಲ್ಲೂ ತಾರೀಖು, ಸಹಿ, ಮೊಹರು ಮತ್ತು ಯಾವ ದಿನದೊಳಗೆ ಜಾರಿ ಮಾಡಬೇಕೆಂಬ ಗಡುವು ಇರಬೇಕು. ಗಡುವು ಮೀರಿದ ವಾರಂಟ್ ಹಿಡಿದು ಬಂದವರನ್ನು ಪ್ರಶ್ನಿಸುವುದು ತಪ್ಪಲ್ಲ. ಕ್ರಮಬದ್ಧ ವಾರಂಟ್ ಇದ್ದರೂ ಚರಾಸ್ತಿ ಜಪ್ತಿಗಾಗಿ ಸೂರ್ಯಾಸ್ತದ ನಂತರ ಸೂರ್ಯೋದಯದವರೆಗೆ ವಾಸದ ಮನೆಯನ್ನು ಪ್ರವೇಶಿಸುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 62ನೇ ಕಲಮು ಹೇಳಿದರೆ, ಮೈಮೇಲಿನ ಅಗತ್ಯ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಧಾರ್ಮಿಕ ಸಂಪ್ರದಾಯದಂತೆ ಹೆಣ್ಣುಮಕ್ಕಳು ತೆಗೆಯಲಾಗದ ಒಡವೆ ಇವೆಲ್ಲ ಜಪ್ತಿಗೆ ಹೊರತು ಎಂದು 60ನೇ ಕಲಮು ಹೇಳುತ್ತದೆ. ಕ್ರಿಮಿನಲ್ ವಾರಂಟಿನ ಪೊಲೀಸರು ಅದರ ಸಾರಾಂಶವನ್ನು ಬಂಧಿಸಬೇಕಾದ ವ್ಯಕ್ತಿಗೆ ತಿಳಿಸಬೇಕು, ಕೇಳಿದರೆ ತೋರಿಸಬೇಕು.

ಕಾರ್ಖಾನೆ ಮತ್ತು ಕಂಪನಿಗಳ ವಿಷಯ ಸ್ವಲ್ಪ ಬೇರೆ. ಕಂಪನಿಯ ಮೇಲಿನ ಸಿವಿಲ್ ಸಮನ್ಸನ್ನು ಕಾರ್ಯದರ್ಶಿ, ನಿರ್ದೇಶಕ ಅಥವಾ ಇತರ ಪ್ರಧಾನ ಅಧಿಕಾರಿಗೆ ಕೊಡಬಹುದು, ಇಲ್ಲವೆ ನೋಂದಾಯಿತ ಕಚೇರಿಯಲ್ಲಿ ಬಿಡಬಹುದು ಅಥವಾ ಅಲ್ಲಿಗೆ ಅಂಚೆಯಲ್ಲಿ ಕಳುಹಿಸಬಹುದು. ಪೀಣ್ಯದಲ್ಲಿ ಹೇರಳವಾಗಿರುವ ಪಾಲುದಾರಿಕೆ ಸಂಸ್ಥೆಗಳಾದರೆ ಪಾಲುದಾರರಲ್ಲಿ ಒಬ್ಬರಿಗೆ, ಅಥವಾ ವ್ಯವಹಾರದ ಮುಖ್ಯ ಸ್ಥಳದಲ್ಲಿ ನಿರ್ವಹಣೆ ನೋಡಿಕೊಳ್ಳುವವರಿಗೆ ಕೊಡಬಹುದು. ಗೇಟಿನ ಸೆಕ್ಯುರಿಟಿ ಕಾಗದವನ್ನು ಇಸಿದುಕೊಂಡು ಇನ್‌ವರ್ಡ್ ಪುಸ್ತಕದಲ್ಲಿ ಬರೆದು ಯಾರ ಮೇಜಿಗೂ ಮುಟ್ಟಿಸದೆ ಉಳಿಯುವುದು ಈ ವಲಯಗಳ ಸಾಮಾನ್ಯ ಕಾಯಿಲೆ. ಸಂಸ್ಥೆಯೊಳಗೆ ಒಬ್ಬರನ್ನು ನಿಗದಿಮಾಡಿ, ಕೋರ್ಟಿನ ಕಾಗದ ಬಂದರೆ ಅವರನ್ನೇ ಗೇಟಿಗೆ ಕರೆಸಬೇಕೆಂಬ ಸರಳ ಸೂಚನೆ ಫಲಕದಲ್ಲಿರುವುದು ದುಬಾರಿ ಕಾನೂನು ಸಲಹೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಮನ್ಸಿಗಿಂತ ಹೆಚ್ಚು ಗಾಬರಿ ಹುಟ್ಟಿಸುವವರು ಕೋರ್ಟ್ ಕಮಿಷನರ್‌ಗಳು. ಪೈರಸಿ ಸಾಫ್ಟ್‌ವೇರ್ ಬಳಕೆ, ಬ್ರ್ಯಾಂಡ್‌ನ ನಕಲು ಸರಕು ತಯಾರಿಕೆ ಮುಂತಾದ ದೂರುಗಳಲ್ಲಿ ದೆಹಲಿ ಹೈಕೋರ್ಟ್ ಎದುರು ಪಕ್ಷಕ್ಕೆ ಮುನ್ಸೂಚನೆ ಕೊಡದೆ ವಕೀಲರೊಬ್ಬರನ್ನು ಸ್ಥಳೀಯ ಕಮಿಷನರ್ ಎಂದು ನೇಮಿಸಿ, ಬೇರೆ ರಾಜ್ಯಗಳ ಕಚೇರಿ, ಕಾರ್ಖಾನೆಗಳಿಗೂ ಪರಿಶೀಲನೆಗೆ ಕಳುಹಿಸುವುದುಂಟು. ಸಾಫ್ಟ್‌ವೇರ್ ಮತ್ತು ಸಣ್ಣ ಕೈಗಾರಿಕೆ ಎರಡೂ ದಟ್ಟವಾಗಿರುವ ಬೆಂಗಳೂರಿನ ಹೊರವಲಯಕ್ಕೆ ಇದು ದೂರದ ಮಾತಲ್ಲ. ಹೀಗೆ ಬರುವವರು ಸರ್ಕಾರಿ ನೌಕರರಲ್ಲ, ಸಮವಸ್ತ್ರ ಅವರಿಗಿಲ್ಲ, ಅವರ ಹಿಂದೆ ದೂರುದಾರ ಕಂಪನಿಯ ಪ್ರತಿನಿಧಿಗಳೂ ಕೆಲವೊಮ್ಮೆ ಪೊಲೀಸರೂ ಇರುತ್ತಾರೆ. ಆದ್ದರಿಂದ ಗುರುತಿನ ಚೀಟಿಯ ಪರೀಕ್ಷೆ ಇಲ್ಲಿ ಪೂರ್ತಿ ಸೋಲುತ್ತದೆ. ಅವರ ಅಧಿಕಾರ ಇರುವುದು ತಮ್ಮ ಹೆಸರು ನಮೂದಾಗಿರುವ ನ್ಯಾಯಾಲಯದ ಆದೇಶದಲ್ಲಿ ಮಾತ್ರ. ಆ ಆದೇಶವನ್ನು ಕೇಳಿ ಓದುವುದು, ದೆಹಲಿ ಹೈಕೋರ್ಟಿನ ಆದೇಶಗಳ ಮೇಲಿರುವ ಕ್ಯುಆರ್ ಕೋಡನ್ನು ಸ್ಕ್ಯಾನ್ ಮಾಡಿ ನೋಡುವುದು, ಯಾವ ವಿಳಾಸವನ್ನು ಪರಿಶೀಲಿಸಬಹುದು, ಯಾವ ವಸ್ತುವನ್ನು ವಶಕ್ಕೆ ಪಡೆಯಬಹುದು ಎಂಬುದನ್ನು ಅದರ ಪದಗಳಲ್ಲೇ ಗುರುತಿಸುವುದು ಸಂಸ್ಥೆಯ ಹಕ್ಕು. ಆದೇಶ ಒಂದು ಮಹಡಿಯ ಕಂಪ್ಯೂಟರುಗಳನ್ನು ಹೆಸರಿಸಿದ್ದರೆ ಇನ್ನೊಂದು ಸಂಸ್ಥೆಯ ಮಹಡಿಗೆ ಹೋಗಲು ಅದು ಪರವಾನಗಿಯಲ್ಲ. ಹಾಗೆಂದು ಆದೇಶ ನಿಜವೆಂದು ಕಂಡ ಮೇಲೂ ಗೇಟು ಮುಚ್ಚಿ ನಿಂತರೆ ನ್ಯಾಯಾಂಗ ನಿಂದನೆಯ ಪ್ರಕರಣ ಎದುರಾಗುತ್ತದೆ. ಪರಿಶೀಲನೆಗೆ ಬೇಕಾದ ಕಾಲು ಗಂಟೆಗೂ ಅಡ್ಡಿಪಡಿಸುವುದಕ್ಕೂ ಇರುವ ವ್ಯತ್ಯಾಸ ಕಮಿಷನರ್‌ರ ವರದಿಯಲ್ಲಿ ಸ್ಪಷ್ಟವಾಗಿಯೇ ದಾಖಲಾಗುತ್ತದೆ.

ಪರಿಶೀಲನೆಯ ಹೆಸರಿನಲ್ಲಿ ಕಾಗದವನ್ನೇ ತಿರಸ್ಕರಿಸುವ ಅಭ್ಯಾಸ ವಸತಿ ಸಮುಚ್ಚಯಗಳಲ್ಲಿ ಇನ್ನೂ ಹೆಚ್ಚು. ಜಾರಿಕಾರರು ಗೇಟಿಗೆ ಬರುತ್ತಾರೆ, ಕಾವಲುಗಾರ ಮೈಗೇಟ್‌ನಂಥ ಆ್ಯಪ್‌ನಲ್ಲಿ ಫ್ಲ್ಯಾಟಿನವರ ಅನುಮತಿ ಕೇಳುತ್ತಾನೆ, ಕಚೇರಿಯ ಮೀಟಿಂಗ್‌ನಲ್ಲಿರುವ ಮನೆಯಾತ ಅಪರಿಚಿತರೆಂದು ನಿರಾಕರಿಸುತ್ತಾನೆ. ಕಾನೂನಿನ ಕಣ್ಣಲ್ಲಿ ಇದು ಸುರಕ್ಷತೆಯ ಕ್ರಮವಾಗಿ ಉಳಿಯುವುದಿಲ್ಲ. ಸಮನ್ಸನ್ನು ನಿರಾಕರಿಸಿದರೆ, ಅಥವಾ ತಕ್ಕ ಪ್ರಯತ್ನದ ಮೇಲೂ ವ್ಯಕ್ತಿ ಸಿಗದಿದ್ದರೆ, ಬಾಗಿಲಿನ ಹೊರಗೆ ಅಂಟಿಸಿ, ಮನೆಯನ್ನು ಗುರುತಿಸಿದವರ ಮತ್ತು ಸಾಕ್ಷಿಗಳ ಹೆಸರಿನೊಂದಿಗೆ ವರದಿ ಮಾಡುವುದಕ್ಕೆ 17ನೇ ನಿಯಮ ಅವಕಾಶ ಕೊಟ್ಟಿದೆ. ಅಂಚೆಯಲ್ಲಿ ಬಂದದ್ದನ್ನು ‘ನಿರಾಕರಿಸಲಾಗಿದೆ’ ಎಂಬ ಷರಾದೊಂದಿಗೆ ವಾಪಸು ಕಳುಹಿಸಿದರೆ ತಲುಪಿತೆಂದೇ ನ್ಯಾಯಾಲಯ ಘೋಷಿಸಬಹುದು. ಹ್ಯಾಂಡ್ ಸಮನ್ಸ್ ನಿರಾಕರಿಸಿದರೆ ಮಾತ್ರ ನ್ಯಾಯಾಲಯ ಅದನ್ನು ತನ್ನ ಮೂಲಕ ಮತ್ತೆ ಕಳುಹಿಸಬೇಕಾಗುತ್ತದೆ. ಮನೆಯ ವಯಸ್ಕ ಸದಸ್ಯರು, ಗಂಡಾಗಲಿ ಹೆಣ್ಣಾಗಲಿ, ಪ್ರತಿವಾದಿಯ ಪರವಾಗಿ ಸಮನ್ಸ್ ಪಡೆಯಬಹುದು. ಆದರೆ ಮನೆಕೆಲಸದವರು ಕುಟುಂಬದ ಸದಸ್ಯರಲ್ಲ ಎಂದು ನಿಯಮದ ವಿವರಣೆಯೇ ಹೇಳುವುದರಿಂದ ಅವರ ಸಹಿ ಪಡೆದು ಹೋದ ಜಾರಿಯನ್ನು ಪ್ರಶ್ನಿಸಬಹುದು. ಲಿಖಿತ ಉತ್ತರಕ್ಕೆ ಇರುವ ಮೂವತ್ತು ದಿನಗಳ ಅವಧಿ ಎಣಿಕೆಯಾಗುವುದು ಜಾರಿಯಾದ ದಿನದಿಂದ. ಕಾರಣ ಕೊಟ್ಟರೆ ಅದನ್ನು ತೊಂಬತ್ತರವರೆಗೆ, ವಾಣಿಜ್ಯ ವ್ಯಾಜ್ಯಗಳಲ್ಲಿ ನೂರಿಪ್ಪತ್ತರವರೆಗೆ ವಿಸ್ತರಿಸಬಹುದು, ವಾಣಿಜ್ಯ ವ್ಯಾಜ್ಯದಲ್ಲಿ ಅದರಾಚೆಗೆ ಬಾಗಿಲು ಮುಚ್ಚಿದಂತೆಯೇ.

ಕೋರ್ಟಿನ ಕಾಗದವೆಂದು ಬರುವ ಎಲ್ಲವೂ ಕೋರ್ಟಿನದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ವಕೀಲರ ನೋಟಿಸ್, ಖಾಸಗಿ ಮಧ್ಯಸ್ಥಗಾರರ ನೋಟಿಸ್, ಬ್ಯಾಂಕು ಕಳುಹಿಸುವ ಲೋಕ ಅದಾಲತ್ ಪೂರ್ವ ನೋಟಿಸ್ ಇವೆಲ್ಲ ನ್ಯಾಯದ ತಕ್ಕಡಿಯ ಚಿತ್ರ ಹೊತ್ತು ಬಂದರೂ ನ್ಯಾಯಾಲಯದ ಆದೇಶಗಳಲ್ಲ. ಉತ್ತರಿಸದಿದ್ದರೆ ತೊಂದರೆಯಾಗಬಹುದಾದರೂ ಅವುಗಳ ಬಲದ ಮೇಲೆ ಯಾರೂ ಮನೆ ಪ್ರವೇಶಿಸುವಂತಿಲ್ಲ. ಸಾಲ ವಸೂಲಿಯ ಏಜೆಂಟರು ಬ್ಯಾಂಕಿನ ಅಧಿಕಾರಪತ್ರ ಮತ್ತು ಗುರುತಿನ ಚೀಟಿ ಹೊಂದಿರಬೇಕು, ಬೆಳಿಗ್ಗೆ 8ಕ್ಕೆ ಮುಂಚೆ ಮತ್ತು ಸಂಜೆ 7ರ ನಂತರ ಕರೆ ಮಾಡಬಾರದು ಎಂಬುದು ಆರ್‌ಬಿಐ ನಿಯಮ. ಪೊಲೀಸರು ತನಿಖೆಗೆ ಹಾಜರಾಗಲು ಕೊಡುವ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನ್ಯಾಯಾಲಯದ ಮೊಹರಿನ ಚಿತ್ರವಿರುವ ಸಮನ್ಸ್ ವಿದ್ಯುನ್ಮಾನ ರೂಪದಲ್ಲಿ ಬರಲು ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿರುವುದು ನಿಜ. ಆದರೆ ವಿಡಿಯೊ ಕರೆಯಲ್ಲಿ ಬಂಧಿಸುವ ಪದ್ಧತಿ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಸಾರ್ವಜನಿಕ ನೌಕರನಂತೆ ನಟಿಸುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನ ಅಪರಾಧ; ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಅಮೆರಿಕದಲ್ಲಿರುವ ಪತಿ ಅಥವಾ ಪತ್ನಿ ಅಲ್ಲಿನ ನ್ಯಾಯಾಲಯದಲ್ಲಿ ವಿಚ್ಛೇದನದ ಅರ್ಜಿ ಹಾಕಿ, ಅದರ ಕಾಗದವನ್ನು ವೈಟ್‌ಫೀಲ್ಡ್‌ನ ಫ್ಲ್ಯಾಟಿಗೆ ಕೊರಿಯರಿನಲ್ಲಿ ಕಳುಹಿಸಿದಾಗ ಲೆಕ್ಕ ಇನ್ನೊಂದು. ಅಲ್ಲಿನ ಹಲವು ರಾಜ್ಯಗಳ ನಿಯಮದಂತೆ ಪ್ರಕರಣಕ್ಕೆ ಸೇರದ, ಹದಿನೆಂಟು ತುಂಬಿದ ಯಾರಾದರೂ ಸಮನ್ಸ್ ತಲುಪಿಸಬಹುದು. ಅಲ್ಲಿ ಅದೊಂದು ವೃತ್ತಿಯೇ ಆಗಿದೆ. ಭಾರತದಲ್ಲಿ ಹಾಗಲ್ಲ. ವಿದೇಶದಲ್ಲಿ ಸಮನ್ಸ್ ತಲುಪಿಸುವ ಬಗೆಗಿನ 1965ರ ಹೇಗ್ ಒಡಂಬಡಿಕೆ ಭಾರತಕ್ಕೆ ಅನ್ವಯವಾದದ್ದು 2007ರ ಆಗಸ್ಟ್ 1ರಿಂದ. ಸೇರುವಾಗ ಅಂಚೆಯ ಮೂಲಕ ನೇರವಾಗಿ ತಲುಪಿಸುವುದಕ್ಕೆ ಭಾರತ ಆಕ್ಷೇಪ ದಾಖಲಿಸಿದೆ, ಕೋರಿಕೆಗಳು ಕೇಂದ್ರ ಕಾನೂನು ಸಚಿವಾಲಯದ ಮೂಲಕ ಬರಬೇಕು. ಹೀಗಾಗಿ ಕೊರಿಯರ್ ಹುಡುಗ ಕೊಟ್ಟ ವಿದೇಶಿ ಕಾಗದವನ್ನು ಕ್ರಮಬದ್ಧ ಜಾರಿಯೆಂದು ಒಪ್ಪಬೇಕಿಲ್ಲ. ಆದರೆ ಅದನ್ನು ಕಸದ ಬುಟ್ಟಿಗೆ ಹಾಕುವ ಮುನ್ನ ಆ ದೇಶದಲ್ಲಿ ಆಸ್ತಿಯೋ ವೀಸಾವೋ ಮಕ್ಕಳೋ ಇರುವವರು ಅಲ್ಲಿನ ವಕೀಲರನ್ನು ಕೇಳುವುದು ಒಳ್ಳೆಯದು.

ಜಾರಿಕಾರರು ಮನೆಯ ಕಡೆ ಸುಳಿಯದೆಯೇ ‘ಬೀಗ ಹಾಕಿದೆ’, ‘ಪಡೆಯಲು ನಿರಾಕರಿಸಿದರು’ ಎಂದು ಷರಾ ಬರೆದರೆ ಏನು ಗತಿ ಎಂಬ ಆತಂಕ ನ್ಯಾಯವಾದದ್ದೇ. ಇದನ್ನು ತಡೆಯಲೆಂದೇ ಇ-ಕೋರ್ಟ್ಸ್ ಯೋಜನೆಯಡಿ ಎನ್‌ಸ್ಟೆಪ್ ಎಂಬ ವ್ಯವಸ್ಥೆಯನ್ನು ರೂಪಿಸಿ, ಜಾರಿಕಾರರ ಕೈಗೆ ಜಿಪಿಎಸ್ ಇರುವ ಮೊಬೈಲ್ ಸಾಧನಗಳನ್ನು ಕೊಡಲಾಗುತ್ತಿದೆ. ಆದರೆ ಅದರ ದಾಖಲೆ ನ್ಯಾಯಾಲಯದ ಕಡೆಗೆ ಮಾತ್ರ ಮುಖ ಮಾಡಿದೆ. ಕಾಗದ ಪಡೆಯುವವರು ‘ಈ ಸಮನ್ಸನ್ನು ಇಂಥ ಜಾರಿಕಾರರಿಗೆ ಒಪ್ಪಿಸಲಾಗಿದೆ’ ಎಂದು ತಮ್ಮ ಮೊಬೈಲಿನಲ್ಲಿ ನೋಡುವಂತಾದರೆ ಗೇಟಿನ ಬಳಿಯ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ ಇರುವ ದಾರಿ ಹಳೆಯದು. ಸಮನ್ಸ್ ತಲುಪದೆಯೇ ಏಕಪಕ್ಷೀಯ ತೀರ್ಪಾಗಿ, ಅದು ಬ್ಯಾಂಕ್ ಖಾತೆ ಜಪ್ತಿಯಾದಾಗ ಮಾತ್ರ ಗೊತ್ತಾದವರು ತಮಗೆ ತಿಳಿದ ದಿನದಿಂದ ಮೂವತ್ತು ದಿನಗಳೊಳಗೆ 9ನೇ ಆದೇಶದ 13ನೇ ನಿಯಮದಡಿ ಅದನ್ನು ರದ್ದುಪಡಿಸಲು ಅರ್ಜಿ ಹಾಕಬಹುದು. ಜಾರಿಯಲ್ಲಿ ಸಣ್ಣಪುಟ್ಟ ಲೋಪವಿತ್ತು ಎಂಬುದಷ್ಟೇ ಸಾಲದು, ವಿಚಾರಣೆಯ ದಿನ ಗೊತ್ತೇ ಇರಲಿಲ್ಲ ಎಂಬುದನ್ನು ತೋರಿಸಬೇಕು. ಅದಕ್ಕೆ ಮೊದಲ ಹೆಜ್ಜೆ ನ್ಯಾಯಾಲಯದ ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟು ಆ ಸಮನ್ಸಿನ ಷರಾದ ದೃಢೀಕೃತ ಪ್ರತಿ ಪಡೆಯುವುದು. ಅಂಟಿಸಿದ್ದೇನೆಂದು ಬರೆದ ದಿನಾಂಕ, ಮನೆಯನ್ನು ತೋರಿಸಿದವರ ಹೆಸರು, ಸಾಕ್ಷಿಗಳ ಸಹಿ ಅಲ್ಲಿರಬೇಕು; ಅಪಾರ್ಟ್‌ಮೆಂಟಿನ ಗೇಟಿನ ಆ್ಯಪ್‌ನಲ್ಲಿ ಆ ದಿನದ ಪ್ರವೇಶದ ದಾಖಲೆಯೂ ಇರುತ್ತದೆ. ಎರಡನ್ನೂ ಮುಂದಿಟ್ಟರೆ ಜಾರಿಕಾರರನ್ನು ಪ್ರಮಾಣದ ಮೇಲೆ ವಿಚಾರಿಸಲು 5ನೇ ಆದೇಶದ 19ನೇ ನಿಯಮ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ.